ಹೊರಗೆ ಹೋಗುವ ಲೈನು ಚೆನ್ನಾಗಿದೆ

ಲೈನು ಚೆನ್ನಾಗಿದೆ ಎಂದು ನನಗೆ ಹೇಳದವರು ಆ ತಿಂಗಳು ಯಾರೂ ಉಳಿದಿರಲಿಲ್ಲ. ಇಂಟರ್‌ನೆಟ್ ಕಂಪನಿಯ ಹೆಲ್ಪ್‌ಲೈನಿನ ಹುಡುಗಿ ಹೇಳಿದಳು, ಅವಳ ಮೇಲಿನವನು ಹೇಳಿದ, ಗೋಡೆಗೆ ಹೊಡೆದಿದ್ದ ಬಿಳಿ ಪೆಟ್ಟಿಗೆಯ ಹಸಿರು ದೀಪಗಳೂ ಕಣ್ಣು ಮಿಟುಕಿಸುತ್ತ ಅದನ್ನೇ ಹೇಳಿದವು. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಪೇಪರು ಓದಬಹುದಿತ್ತು, ಜಿಲ್ಲೆಯ ಕಚೇರಿಗೆ ಮೇಲ್ ಕಳಿಸಬಹುದಿತ್ತು. ನಮ್ಮ ಸಾಹೇಬರು ಊಟವಾದ ಮೇಲೆ ಬಾಗಿಲು ಅರ್ಧ ಮುಚ್ಚಿಕೊಂಡು ಹಳೆಯ ಕುಸ್ತಿ ನೋಡುತ್ತಿದ್ದರು, ಅದೂ ಎಲ್ಲೂ ನಿಲ್ಲದೆ ಓಡುತ್ತಿತ್ತು. ಹೊರಗೆ ಹೋಗಬೇಕಾದದ್ದೆಲ್ಲ ಹೋಗುತ್ತಿತ್ತು. ಒಳಗೆ ಬರಬೇಕಾದದ್ದು ಮಾತ್ರ ಮನಸ್ಸು ಬಂದರೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಬೇರೆ ಊರಾಗಿದ್ದರೆ ಇದನ್ನು ಯಾರೂ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಮ್ಮ ಊರಿಗೆ ಕೂಗಿಸಿಕೊಳ್ಳದೆ ಯಾರಿಗೂ ಬರಲಾಗುವುದಿಲ್ಲ. ಹೋಗುವುದಕ್ಕೆ ತಡೆಯಿಲ್ಲ, ಯಾರು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಬರುವವರನ್ನು ಮಾತ್ರ ಊರೊಳಗಿನವರು ಯಾರಾದರೂ ಅಗಸಿಯಲ್ಲಿ, ಊರ ಹೆಬ್ಬಾಗಿಲಲ್ಲಿ ನಿಂತು, ಹೆಸರು ಹಿಡಿದು, ಗಟ್ಟಿಯಾಗಿ ಕೂಗಬೇಕು. ಕೂಗದಿದ್ದರೆ ಅವರು ದೊಡ್ಡ ರಸ್ತೆಯ ಕ್ರಾಸಿನಿಂದ ಎಷ್ಟು ನಡೆದರೂ ತಿರುಗಿ ಕ್ರಾಸಿಗೇ ಬಂದು ನಿಲ್ಲುತ್ತಾರೆ. ಬಸ್ಸಿಗೂ ಅಷ್ಟೇ, ಒಳಗೆ ಕುಳಿತ ಒಬ್ಬನ ಹೆಸರು ತಪ್ಪಿದರೂ ಇಡೀ ಬಸ್ಸು ಸುತ್ತು ಹಾಕುತ್ತದೆ. ಇಲ್ಲೇ ಹುಟ್ಟಿದವರಾದರೂ ಒಮ್ಮೆ ಹೊರಗೆ ಹೋದರೆ ತಿರುಗಿ ಬರಲು ಕೂಗಿಸಿಕೊಳ್ಳಬೇಕು.

ಹಿಂದೆ ತಮ್ಮ ತಮ್ಮವರನ್ನು ತಾವೇ ಕೂಗಿಕೊಳ್ಳುತ್ತಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದೆನ್ನುವ ಕಾಲದಲ್ಲೂ ನಮ್ಮೂರಿನ ಹೆಂಗಸರು ಅಗಸಿಯಲ್ಲಿ ನಿಂತು ಗಂಡನ ಹೆಸರನ್ನು ಆಕಾಶಕ್ಕೆ ಕೇಳುವ ಹಾಗೆ ಕಿರುಚುತ್ತಿದ್ದರಂತೆ. ಆಮೇಲೆ ಜನಕ್ಕೆ ಬಿಡುವು ಕಡಿಮೆಯಾಯಿತು. ಅದಕ್ಕೇ ಒಬ್ಬ ಕೂಗವ್ವನನ್ನು ನೇಮಿಸಿದರು. ಆಮೇಲೆ ಕೂಗವ್ವನ ಮೇಲೆ ಒಂದು ಕಚೇರಿ ಬಂತು, ಕಚೇರಿಯ ಮೇಲೆ ಒಬ್ಬ ಸಾಹೇಬರು ಬಂದರು, ಅವರ ಕೈಕೆಳಗೆ ನಾನು ಬಂದೆ. ನನ್ನ ಹೆಸರು ಕಸ್ತೂರಿ. ಸಾಹೇಬರು ಚನ್ನಬಸಯ್ಯನವರು. ಕೂಗವ್ವ ದ್ಯಾಮವ್ವ. ಕಚೇರಿಯ ಕಿಟಕಿಯಾಚೆ, ಅಗಸಿಗೆ ಒತ್ತಿಕೊಂಡಿರುವ ಗುಡಿಸಲಿನಲ್ಲಿ ಕೂತಿರುವ, ಗಟ್ಟಿಮುಟ್ಟಾದ, ಯಾರ ಮುಲಾಜಿಗೂ ಬೀಳದ ಮುದುಕಿ.

ಕ್ರಾಸಿನಲ್ಲಿ ಫೋನು ಹಿಡಿಯುವುದಿಲ್ಲ. ಅಲ್ಲೊಂದು ತಗಡಿನ ಚಪ್ಪರದ ಕೆಳಗೆ ಒಂದು ಯಂತ್ರ ನಿಲ್ಲಿಸಿದ್ದಾರೆ. ಬಂದವರು ಅದರಲ್ಲಿ ತಮ್ಮ ಹೆಸರು ಒತ್ತಬೇಕು. ಅದು ನಮ್ಮ ಕಚೇರಿಯ ಮೂಲೆಯಲ್ಲಿರುವ ಹೆಸರಿನ ಕಂಪ್ಯೂಟರಿಗೆ ಬರುತ್ತದೆ. ನಾನು ಕಿಟಕಿಯಿಂದ ತಲೆ ಹಾಕಿ ಹೇಳುತ್ತೇನೆ, ದ್ಯಾಮವ್ವ ಎದ್ದು ಅಗಸಿಯ ಕಟ್ಟೆ ಹತ್ತಿ ಕೂಗುತ್ತಾಳೆ. ಇಷ್ಟೇ ಕೆಲಸ. ಇದು ವರ್ಷಗಟ್ಟಲೆ ಸರಾಗವಾಗಿ ನಡೆದಿತ್ತು.

ಮೊದಲ ಸಲ ಹೆಸರು ನಿಂತಾಗ ಜನರೇ ಬಂದಿಲ್ಲವೇನೋ ಅಂದುಕೊಂಡೆ. ಸಂಜೆ ಒಮ್ಮೆಲೇ ಹೆಸರುಗಳು ಸುರಿದವು. ಕೂಗಿಸಿಕೊಂಡು ಒಳಗೆ ಬಂದವರು ಮೈತುಂಬ ಧೂಳು, ಕಣ್ಣುತುಂಬ ಕೆಂಡ ಹೊತ್ತು ನೇರ ನನ್ನ ಮೇಜಿಗೇ ಬಂದರು. "ಬೆಳಿಗ್ಗಿಂದ ಒತ್ತಾಕ್ಹತ್ತೀವಿ. ನಿದ್ದಿ ಹೊಡೀತೀರೇನ್ರಿ?" ಎರಡು ದಿನ ಸರಿಯಿತ್ತು. ಮತ್ತೆ ಒಂದು ದಿನ ಪೂರ್ತಿ ನಿಂತಿತು. ಆಮೇಲೆ ಅರ್ಧ ದಿನ. ಯಾವುದಕ್ಕೂ ಒಂದು ಲೆಕ್ಕವಿಲ್ಲ, ನೇಮವಿಲ್ಲ. ಪೂರ್ತಿ ಕೆಟ್ಟಿದ್ದರೆ ಒಳ್ಳೆಯದಿತ್ತು, ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಆಗೊಮ್ಮೆ ಈಗೊಮ್ಮೆ ಕೆಡುವುದನ್ನು ಏನು ಮಾಡುವುದು? ನೋಡಲು ಯಾರಾದರೂ ಬಂದರೆ ಅದು ಹೊಸ ಅಳಿಯನ ಹಾಗೆ ತಲೆ ಬಗ್ಗಿಸಿಕೊಂಡು ಕೆಲಸ ಮಾಡುತ್ತಿತ್ತು.

ನಾನು ಹೆಲ್ಪ್‌ಲೈನಿಗೆ ಫೋನು ಮಾಡಿದೆ.

"ಮೇಡಂ, ನಮ್ಮ ಕಡೆಯಿಂದ ಲೈನ್ ಕ್ಲಿಯರ್ ಇದೆ. ಪೆಟ್ಟಿಗೆ ಒಂದು ಸಲ ಆಫ್ ಮಾಡಿ ಆನ್ ಮಾಡಿ."

"ಮಾಡೀನ್ರಿ."

"ಎಷ್ಟು ಸಲ ಮಾಡಿದ್ರಿ?"

"ಲಗ್ನ ಆದಾಗಿಂದ ನನ್ನ ಗಂಡನ್ನ ಎಬ್ಬಿಸಿದ್ದಕ್ಕಿಂತ ಹೆಚ್ಚು ಸಲ."

"ಇಂಟರ್‌ನೆಟ್ ಬರ್ತಾ ಇದೆಯಾ ಮೇಡಂ?"

"ನಮಗ ಹೊರಗ ಹೋಗಾಕ ಬರ್ತೈತ್ರಿ. ಹೊರಗಿನ ಮಂದಿಗೆ ಒಳಗ ಬರಾಕ ಬರವಲ್ದು."

"ಹಾಗಿದ್ರೆ ಲೈನ್ ಚೆನ್ನಾಗಿದೆ ಮೇಡಂ. ಕಂಪ್ಲೇಂಟ್ ಕ್ಲೋಸ್ ಮಾಡ್ಲಾ?"

ನಾನು ವೈರು ಬದಲಿಸಿದೆ. ಬಿಸಿಲು ಬೀಳುತ್ತದೆಂದು ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ಸರಿಸಿದೆ. ಅಲ್ಲಿ ಗಾಳಿಯಾಡುವುದಿಲ್ಲವೆಂದು ತಿರುಗಿ ಕಿಟಕಿಗೆ ತಂದೆ. ಸಾಹೇಬರು ಒಂದು ದಿನ ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅವತ್ತು ಹೆಸರುಗಳು ಚೆನ್ನಾಗಿ ಬಂದವು. ಅದರ ಮರುದಿನ ಒಂದೂ ಬರಲಿಲ್ಲ. "ಹಣ್ಣು ಒಣಗಿತ್ತೇನೋ" ಎಂದರು ಸಾಹೇಬರು.

ನನ್ನ ಜೀವ ತಿಂದದ್ದು ಇನ್ನೊಂದು. ನಾನು ಬರೆದದ್ದು ಕ್ರಾಸಿನ ಯಂತ್ರದ ಮೇಲೆ ಕಾಣುತ್ತಿತ್ತು. ಅದು ಹೊರಗೆ ಹೋಗುವ ಮಾತಲ್ಲವೇ, ಸರಾಗವಾಗಿ ಹೋಗುತ್ತಿತ್ತು. ಹೆಸರು ಬಾರದ ದಿನಗಳಲ್ಲಿ ನಾನು ಕೂತು ಬರೆಯುತ್ತಿದ್ದೆ: ದಯವಿಟ್ಟು ಕಾಯಿರಿ. ದಯವಿಟ್ಟು ಇನ್ನೊಮ್ಮೆ ಒತ್ತಿರಿ. ಓದುವವರು ಯಾರಾದರೂ ಅಲ್ಲಿ ಇದ್ದಾರೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಯಾರಿಗೋ ಕೈಮುಗಿದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಒಳಗೆ ಬಂದವರು, "ಕಾಯಿರಿ ಅಂತ ಬರಿಯಾಕ ಕೈ ಬರ್ತೈತಿ, ಕೂಗಾಕ ಬಾಯಿ ಬರೂದಿಲ್ಲೇನು?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು.

ಆ ನಡುವೆ ಬಟ್ಟೆ ಅಂಗಡಿಯ ಸಿದ್ದಲಿಂಗಪ್ಪನವರ ಮಗಳ ಮದುವೆ ನಿಂತುಹೋಯಿತು. ಗಂಡಿನ ಕಡೆಯವರ ಬಸ್ಸು ಮುಹೂರ್ತ ಮೀರುವ ತನಕ ಕ್ರಾಸಿನ ಸುತ್ತ ತಿರುಗಿ, ಬೀಗರು ನಮ್ಮನ್ನು ಬೇಕೆಂದೇ ಕೂಗಲಿಲ್ಲ ಎಂದು ಸಿಟ್ಟು ಮಾಡಿಕೊಂಡು ತಿರುಗಿ ಹೋಯಿತು. ಸಿದ್ದಲಿಂಗಪ್ಪನವರು ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡೇ ಕಚೇರಿಗೆ ಬಂದರು. ಅಕ್ಷತೆಯನ್ನು ನನ್ನ ಮೇಜಿನ ಮೇಲೆ ಸುರಿದು ಹೋದರು. ಆ ಅಕ್ಕಿಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಸಾಹೇಬರು, "ಗುಬ್ಬಿಗೆ ಹಾಕ್ರಿ ಕಸ್ತೂರವ್ವ" ಎಂದು ತಮ್ಮ ಕೋಣೆಗೆ ನಡೆದರು.

ಕೊನೆಗೆ ಕಂಪನಿಯವರು ಇಮ್ತಿಯಾಜ್ ಎನ್ನುವ ಹುಡುಗನನ್ನು ಕಳಿಸಿದರು. ಅವನನ್ನು ನಾವೇ ಕೂಗಿ ಒಳಗೆ ಬಿಟ್ಟುಕೊಂಡೆವು. ಎಲ್ಲ ನೋಡಿ, ಚಹಾ ಕುಡಿದು, "ಲೈನ್ ಚಲೋ ಐತ್ರಿ ಮೇಡಂ" ಎಂದ. ನಾನು ಲೋಟ ಎತ್ತಿಕೊಂಡು ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ. ಹುಡುಗ ಒಳ್ಳೆಯವನು. ಬಾಗಿಲಿಗೆ ಬಂದು, "ಒಂದ್ ಕೆಲಸ ಮಾಡೂಣ್ರಿ" ಎಂದ. "ಮುಂದಿನ ಸಲ ಇದು ಕೆಟ್ಟಾಗ ಫೋನ್ ಹಚ್ರಿ. ನಾ ಒಳಗ ಬರೂದಿಲ್ಲ, ಕ್ರಾಸಿನ್ಯಾಗ ನಿಂತು ಅಲ್ಲಿಂದ ಒತ್ತಿ ನೋಡ್ತೀನಿ. ಊಟದ ಹೊತ್ತಿಗೆ ನೀವ ನನ್ನ ಕೂಗಿಬಿಡ್ರಿ."

ಆ ಮುಂದಿನ ಸಲ ಬಂದದ್ದು ಬರಬಾರದ ದಿನ. ಸಿದ್ದಲಿಂಗಪ್ಪನವರು ಕೈಕಾಲು ಹಿಡಿದು ಒಪ್ಪಿಸಿ ಬೀಗರನ್ನು ಮತ್ತೆ ಕರೆಸಿದ್ದರು. ಬೆಳಗಿನಿಂದ ಒಂದೂ ಹೆಸರಿಲ್ಲ. ನಾನು ಇಮ್ತಿಯಾಜನಿಗೆ ಫೋನು ಹಚ್ಚಿ, ಅವನು ಕ್ರಾಸಿಗೆ ಮುಟ್ಟುವ ಹೊತ್ತಾದ ಮೇಲೆ ಹೆಸರಿನ ಕಂಪ್ಯೂಟರಿನ ಮುಂದೆ ಕೂತೆ. ಏನೂ ಬರಲಿಲ್ಲ. ಬೇಸತ್ತು, ಇನ್ನೊಂದು ವೈರಾದರೂ ಹಾಕಿ ನೋಡೋಣವೆಂದು ಇದ್ದದ್ದನ್ನು ಕಿತ್ತೆ. ಅಷ್ಟರಲ್ಲಿ ನಮ್ಮೂರಿನ ಸಣ್ಣ ಆಸ್ಪತ್ರೆಯ ಡಾಕ್ಟರು ವಿಮಲಾ ಓಡುತ್ತ ಬಂದರು.

"ಆಕ್ಸಿಜನ್ ಗಾಡಿ ಬಂತಾ?"

"ಯಾವ ಗಾಡಿನೂ ಬಂದಿಲ್ರಿ."

"ಬೆಳಿಗ್ಗೆನೇ ಬಿಟ್ಟಾರಂತ. ಕಂಬಾರ ಓಣಿ ತಿಪ್ಪವ್ವಗ ಹಚ್ಚಿದ್ದು ಕಡೇ ಸಿಲಿಂಡರ್. ಸಂಜಿ ಮಟಾ ಬಂದ್ರ ಪುಣ್ಯ."

"ಡ್ರೈವರ್ ಹೆಸರು ಹೇಳ್ರಿ, ಈಗ ಕೂಗಸ್ತೀನಿ."

"ಅದ ಗೊತ್ತಿಲ್ಲ. ಡಿಪೋದಾವ್ರು ಬಾಡಿಗಿ ಗಾಡಿ ಅಂತಾರ, ಯಾರ್ ಹೊಡೀತಾರ ನಮಗೇನ್ ಗೊತ್ತು ಅಂತಾರ."

ಸಿದ್ದಲಿಂಗಪ್ಪನವರೂ ಬಂದರು. ಅವರ ಹಿಂದೆ ಇನ್ನೂ ಹತ್ತಾರು ಜನ. ಸಾಹೇಬರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಲೈನು ಚೆನ್ನಾಗಿದೆಯೆಂದು ಎಲ್ಲರಿಗೂ ವಿವರಿಸತೊಡಗಿದರು. ನಾನು ತಡೆಯಲಾರದೆ ಕಿಟಕಿಯಿಂದ ತಲೆ ಹಾಕಿ, "ದ್ಯಾಮವ್ವಾ, ಇಮ್ತಿಯಾಜನ್ನ ಕೂಗು, ಅವನ್ನಾರ ಕೇಳೂಣು" ಎಂದೆ.

ದ್ಯಾಮವ್ವ ಕಟ್ಟೆ ಹತ್ತಿದಳು. ಬಂದದ್ದು ಕೂಗಲ್ಲ, ಹಳೆಯ ಸೀರೆ ಹರಿದ ಸದ್ದು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಎರಡೂ ಕೈಯಿಂದ ಕಟ್ಟೆಯ ಮೇಲಿನ ಗೂಟ ಹಿಡಿದುಕೊಂಡು, ಕತ್ತಿನ ನರ ಉಬ್ಬಿಸಿ ಕೂಗಿದಳು. "ಗಂಟಲಿಗೆ ತಂಪ ಆಗೇತಿ" ಎಂದು ಯಾರ ಮುಖವನ್ನೂ ನೋಡದೆ ಇಳಿದು ಗುಡಿಸಲಿಗೆ ಹೋದಳು.

ಇಮ್ತಿಯಾಜನ ಮೋಟರ್‌ಬೈಕು ಬಂತು. ಇಳಿಯುವ ಮೊದಲೇ ಬೈಯಲು ಶುರು ಮಾಡಿದ. "ಏನ್ರಿ ಮೇಡಂ! ನಾ ಒತ್ತಿದಾಗೊಮ್ಮೆ ಹಸರ ಟಿಕ್ ಬಂತು. ಮುಟ್ಟೇತಿ ಅಂತ ನಿಮ್ಮ ಕಂಪ್ಯೂಟರ ಹೇಳೇತಿ. ನೋಡಿ ಕೂಗೂದು ಬಿಟ್ಟು ಏನ್ ಮಾಡಾಕ್ಹತ್ತೀರಿ?"

"ಯಾವಾಗ ಬಂತು ಟಿಕ್ಕು?"

"ಹೋದಾಗಿಂದ. ಕಡೀದು ಈಗಷ್ಟ, ಹೊಂಡೂಕಿಂತ ಮುಂಚೆ. ಅಲ್ಲೊಂದು ಸಿಲಿಂಡರ್ ಗಾಡಿ ಸುತ್ತಾಕ್ಹತ್ತೇತ್ರಿ. ಅಂವ ಬರ್ತಾನ, ಒತ್ತತಾನ, ಟಿಕ್ ನೋಡ್ತಾನ, ಹೊಂಟಬಿಡ್ತಾನ. ಹೆಸರು ಕೇಳಬೇಕಂದ್ರ ನಿಲ್ಲವಲ್ಲ. ಮತ್ತ ಸುತ್ತು ಹಾಕಿ ಅಲ್ಲೇ ಬರ್ತಾನ."

ನಾನು ಮೇಜಿನ ಮೇಲೆ ಬಿದ್ದಿದ್ದ ವೈರಿನ ತುದಿಯನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದೆ. "ಹೆಸರಿನ ಕಂಪ್ಯೂಟರ್ ವೈರ್ ಇದು. ಡಾಕ್ಟರ್ ಬರೂಕಿಂತ ಮೊದಲ ಕಿತ್ತೀನಿ."

ಇಮ್ತಿಯಾಜ್ ವೈರನ್ನು ನೋಡಿದ, ಕಂಪ್ಯೂಟರನ್ನು ನೋಡಿದ, ನನ್ನನ್ನು ನೋಡಿದ. "ಹಂಗಾರ ನನಗ ಹ್ಞೂಂ ಅಂದಾವ್ರು ಯಾರ್ರಿ?"

ಇಮ್ತಿಯಾಜ್ ತನ್ನ ಲ್ಯಾಪ್‌ಟಾಪು ತೆಗೆದು ಹೇಳಿದ: ಹೆಸರಿನ ಕಂಪ್ಯೂಟರಿಗೆ ಒಂದು ನಂಬರು ಕೊಟ್ಟಿರುತ್ತಾರೆ, ಹೊರಗಿನಿಂದ ಬಂದದ್ದನ್ನು ಬಿಳಿ ಪೆಟ್ಟಿಗೆ ಆ ನಂಬರಿಗೆ ಮುಟ್ಟಿಸುತ್ತದೆ. ಈ ಕಟ್ಟಡದಲ್ಲಿ ಇನ್ನೊಂದು ಯಾವುದೋ ಅದೇ ನಂಬರು ಇಟ್ಟುಕೊಂಡು ಕೂತಿದೆ. ಒಂದೇ ಹೆಸರಿನವರು ಇಬ್ಬರಿದ್ದ ಮನೆಯಲ್ಲಿ ಕರೆದರೆ ಯಾರೋ ಒಬ್ಬರು ಓ ಅಂದ ಹಾಗೆ.

ಮೆಟ್ಟಿಲ ಕೆಳಗಿನ ಡಬ್ಬಿಗೆ ಹತ್ತಾರು ವೈರು ಬಂದು ಸೇರಿದ್ದವು. ಅವನು ಲ್ಯಾಪ್‌ಟಾಪಿನಲ್ಲಿ ಆ ನಂಬರನ್ನು ಮಾತಾಡಿಸುತ್ತ ಕೂತ, ನಾನು ಒಂದೊಂದೇ ವೈರು ಕೀಳುತ್ತ ಹೋದೆ. ಸಾಹೇಬರ ಕೋಣೆಯದು ಕಿತ್ತೆ. "ಇನ್ನೂ ಓ ಅಂತೈತಿ" ಎಂದ. ಪ್ರಿಂಟರಿನದು ಕಿತ್ತೆ. "ಇನ್ನೂ ಐತಿ." ಹಳದಿ ವೈರೊಂದನ್ನು ಕಿತ್ತೆ. "ಹೋತು!" ಎಂದು ಕೂಗಿದ.

ಹಳದಿ ವೈರು ಗೋಡೆಗುಂಟ ಹೋಗಿ, ಕಿಟಕಿಯ ಸಂದಿಯಿಂದ ಹೊರಬಿದ್ದು, ದ್ಯಾಮವ್ವನ ಗುಡಿಸಲಿಗೆ ನುಗ್ಗಿತ್ತು. ನಾನು ದಿನಕ್ಕೆ ಹತ್ತು ಸಲ ಅದೇ ಕಿಟಕಿಯಿಂದ ತಲೆ ಹಾಕುತ್ತಿದ್ದೆ.

ಗುಡಿಸಲಲ್ಲಿ ದ್ಯಾಮವ್ವ ಅಜವಾನದ ಬಿಸಿನೀರಿನ ಲೋಟ ಹಿಡಿದು ಕೂತಿದ್ದಳು. ಮಂಚದ ಮೇಲೆ ಕಂಬಳಿ ಸುತ್ತಿದ ಒಂದು ಗಂಟು. ಗಂಟಿನೊಳಗಿನಿಂದ ಸಣ್ಣಗೆ ಮಾತು ಕೇಳುತ್ತಿತ್ತು. ನಾನು ಕಂಬಳಿ ಎಳೆದೆ. ಕರಿಯ ಸ್ಪೀಕರಿನ ಪೆಟ್ಟಿಗೆ. ಅದು ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ದನಿಯಲ್ಲಿ, ಅವಸರವಿಲ್ಲದೆ, ಬೆಳಗಿನಿಂದ ತನಗೆ ಮುಟ್ಟಿದ ಹೆಸರುಗಳನ್ನೆಲ್ಲ ಕೂಗುತ್ತಿತ್ತು. ವೀರಭದ್ರಪ್ಪ ಬನ್ನಿ. ಶಿವಲೀಲಾ ಬನ್ನಿ. ಇಮ್ತಿಯಾಜ್ ಬನ್ನಿ. ಇಮ್ತಿಯಾಜ್ ಬನ್ನಿ. ಫಕೀರಪ್ಪ ಬನ್ನಿ.

"ವೀರಭದ್ರಪ್ಪ ನಮ್ಮ ಬೀಗರು!" ಎಂದರು ಬಾಗಿಲಲ್ಲಿ ನಿಂತ ಸಿದ್ದಲಿಂಗಪ್ಪ. "ಶಿವಲೀಲಾ ಅವರ ಮಗಳು!"

"ಹಂಗಾರ ಫಕೀರಪ್ಪ ಯಾರು?" ಎಂದರು ಡಾಕ್ಟರು. ಯಾರಿಗೂ ಗೊತ್ತಿರಲಿಲ್ಲ. "ಅವನೇ ಡ್ರೈವರ್! ಕೂಗ್ರಿ ಯಾರಾರ!"

ದ್ಯಾಮವ್ವ ಎದ್ದಳು. ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ದ್ಯಾಮವ್ವನನ್ನು ಬಿಟ್ಟರೆ ನಮ್ಮೂರಿನಲ್ಲಿ ಅಗಸಿಯ ಕಟ್ಟೆ ಹತ್ತಿ ಕೂಗಿದವರು ಎಷ್ಟು ವರ್ಷದಿಂದ ಇರಲಿಲ್ಲವೋ. ಡಾಕ್ಟರು ಸಾಹೇಬರನ್ನು ತೋಳು ಹಿಡಿದು ಕಟ್ಟೆಯ ಮೇಲೆ ನೂಕಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, "ಶ್ರೀ ಫಕೀರಪ್ಪನವರು ದಯಮಾಡಿ ಊರೊಳಗೆ ಆಗಮಿಸಬೇಕು" ಎಂದರು. ರಸ್ತೆ ಖಾಲಿ ಬಿದ್ದಿತ್ತು.

"ಭಾಷಣ ಅಲ್ರೀ ಅದು, ಕೂಗ್ರಿ!" ಎಂದು ನಾನು ಕಿರುಚಿದೆ. ಹಾಗೆ ಕಿರುಚಿದ್ದು ಸಾಹೇಬರಿಗೇ ಎನ್ನುವುದು ಆಮೇಲೆ ಹೊಳೆಯಿತು.

ಸಾಹೇಬರು ಕೆಂಪಗಾದರು. ಕಣ್ಣು ಮುಚ್ಚಿದರು. "ಏ ಫಕೀರಪ್ಪಾ! ಬಾರೋ ನಮ್ಮಪ್ಪಾ!" ಎಂದು ಕೂಗಿದ ಕೂಗಿಗೆ ಅಗಸಿಯ ಪಾರಿವಾಳಗಳೆಲ್ಲ ಎದ್ದವು. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಧೂಳೆದ್ದಿತು. ಸಿಲಿಂಡರ್ ಗಾಡಿ ಬಂತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಎಂಥಾ ರೋಡ್ರಿ ಇದು, ಎಲ್ಲಿ ತಿರುಗಿದ್ರೂ ಅದ ಚಪ್ಪರ ಬರ್ತೈತಿ" ಎಂದ. ಡಾಕ್ಟರು ಅವನ ಪಕ್ಕಕ್ಕೆ ಹತ್ತಿ ಗಾಡಿಯನ್ನು ಆಸ್ಪತ್ರೆಗೆ ಹೊಡೆಸಿಕೊಂಡು ಹೋದರು.

ಆಮೇಲೆ ಸಿದ್ದಲಿಂಗಪ್ಪನವರು ಹತ್ತಿದರು. "ಬೀಗರನ್ನ ಏಕವಚನದಾಗ ಹೆಂಗ ಕೂಗ್ಲಿ?" ಎಂದು ನನ್ನನ್ನೇ ಕೇಳಿದರು. ನನಗೇನು ಗೊತ್ತು. ಕೊನೆಗೆ ಅವರು "ವೀರಭದ್ರಪ್ಪನವರಾ!" ಎಂದು ಕೂಗಿದರು. ಹದಿನೈದು ದಿನದ ಅವಮಾನ, ಸಿಟ್ಟು, ಮಗಳ ಚಿಂತೆ ಎಲ್ಲ ಅದರಲ್ಲಿತ್ತು. ಬಸ್ಸಿನಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಪೆಟ್ಟಿಗೆಯಿಂದ ಕೇಳಿಸಿಕೊಂಡು ಕೂಗುತ್ತ ಹೋದರು. ಅಷ್ಟು ಹೊತ್ತು ಕೂಗಿದ್ದನ್ನು ಕೇಳಿಸಿಕೊಂಡೇ ಬಂದ ಬೀಗರು ಜಗಳ ತೆಗೆಯಲಿಲ್ಲ. ಸಂಜೆಯ ಮುಹೂರ್ತಕ್ಕೆ ಮದುವೆಯಾಯಿತು. ತಿಪ್ಪವ್ವ ರಾತ್ರಿ ದಾಟಿದಳು, ವಾರಕ್ಕೆ ಮನೆಗೂ ಹೋದಳು.

ಜನ ಚೆದುರಿದ ಮೇಲೆ ನಾನು ಗುಡಿಸಲಿಗೆ ಹೋದೆ. ಒಂದು ತಿಂಗಳಿನ ಸಿಟ್ಟು ನನ್ನ ಬಾಯಲ್ಲಿ ತಯಾರಿತ್ತು.

ದ್ಯಾಮವ್ವ ಪಿಸುಗುಟ್ಟಿದಳು. ಆಕೆಯ ಅಣ್ಣನ ಮಗ ಹೊರಗಿನ ಪಟ್ಟಣದಲ್ಲಿ ರೇಡಿಯೋ ಅಂಗಡಿ ಇಟ್ಟವನು. ಕಳೆದ ಸಲ ಬಂದಾಗ ಆಕೆಯ ದನಿ ಕೇಳಿ ಮರುಗಿ, ತಾನಾಗಿ ಕೂಗುವ ಈ ಪೆಟ್ಟಿಗೆ ಜೋಡಿಸಿ ಕೊಟ್ಟಿದ್ದ. ಹೆಸರು ಇದಕ್ಕೂ ಬರಲೆಂದು ನಮ್ಮ ಕಂಪ್ಯೂಟರಿನ ಬೆನ್ನಿಗೆ ಅಂಟಿಸಿದ್ದ ನಂಬರನ್ನೇ ನೋಡಿ ಇದಕ್ಕೂ ಹಾಕಿದ್ದ. ಗಂಟಲು ಕೈಕೊಟ್ಟ ದಿನ ಆಕೆ, ಕಚೇರಿಗೆ ಕೇಳದ ಹಾಗೆ ಕಂಬಳಿ ಸುತ್ತಿ, ವೈರು ಚುಚ್ಚುತ್ತಿದ್ದಳು.

"ಅದು ಕೂಗಿದ್ರ ಯಾರೂ ಬರಲಿಲ್ಲಲ್ಲ, ಆಗಾರ ತಿಳೀಲಿಲ್ಲೇನು?"

"ಲೈನ್ ಕೆಟ್ಟೈತಿ ಅಂತ ನೀವ ಒದರತಿದ್ರಿ. ಲೈನ್ ಸಲುವಾಗಿ ಬರವಲ್ರು ಅಂತ ನಾನೂ ತಿಳಕೊಂಡೆ."

"ದವಾಖಾನಿಗೆ ಹೋಗಬೇಕಿತ್ತು" ಎಂದೆ.

"ವಿಮಲಾಬಾಯಾರು ಹೊರಗಿನ ಗಂಟಲ ಡಾಕ್ಟರಗ ತೋರಸು ಅಂದ್ರು. ಹೊರಗ ಹೋಗೂದೇನು, ಹೋದೇನು." ಲೋಟದೊಳಗೆ ನೋಡುತ್ತ ಕೂತಳು. "ಒಳಗ ಬರಾಕ ನನ್ನ ಯಾರು ಕೂಗತಾರವ್ವಾ? ನನ್ನ ದನಿ ಹೋಗೇತಿ ಅಂದ್ರ ನೀವ ಇನ್ನೊಬ್ಬಾಕೀನ ತಂದು ಇಲ್ಲಿ ಕುಂದ್ರಸ್ತೀರಿ. ಆಕಿಗೆ ನಾ ಯಾರು?"

ತಯಾರಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ, "ಆ ವೈರಿನ ವಿಷಯ ಒಂದ್ ಮಾತು ಹೇಳಬಾರದಾ ಮತ್ತ!" ಎಂದು ಸ್ವಲ್ಪ ಹೊತ್ತು ಬೈದೆ. ಬೈದು, ಆಕೆಯ ಬಟ್ಟೆ ಚೀಲಕ್ಕೆ ತುಂಬಿದೆ. ಮರುದಿನ ಬಸ್ಸಿಗೆ ಹತ್ತಿಸುವಾಗ ಆಕೆ ನನ್ನ ಕೈ ಬಿಡಲಿಲ್ಲ. ಕಂಡಕ್ಟರು ಎರಡು ಸಲ ಸೀಟಿ ಊದಬೇಕಾಯಿತು.

ಆಕೆ ಇಲ್ಲದ ದಿನಗಳಲ್ಲಿ ಜನ ತಮ್ಮವರನ್ನು ತಾವೇ ಕೂಗಿಕೊಂಡರು. ಅದಕ್ಕೂ ಜಗಳವೇ, ಪಾಳಿಗಾಗಿ, ಕಟ್ಟೆಯ ಮೇಲಿನ ನೆರಳಿಗಾಗಿ. ಯಾರೂ ಇಲ್ಲದವರ ಹೆಸರು ಬಂದರೆ ಸಾಹೇಬರು ಕೂಗುತ್ತಿದ್ದರು, ಅವರಿಗೆ ಅದರ ರುಚಿ ಹತ್ತಿತ್ತು. ಲೈನು ಒಮ್ಮೆಯೂ ಕೈಕೊಡಲಿಲ್ಲ. ಹೆಲ್ಪ್‌ಲೈನಿನ ಹುಡುಗಿ ತಾನೇ ಫೋನು ಮಾಡಿ, ನಮ್ಮ ಸೇವೆ ನಿಮಗೆ ತೃಪ್ತಿಯಾಯಿತೇ ಮೇಡಂ ಎಂದು ಕೇಳಿದಳು. ಹೌದೆಂದುಬಿಟ್ಟೆ. ಇನ್ನೂ ಮಾತಾಡುವ ತ್ರಾಣ ನನಗಿರಲಿಲ್ಲ.

ಒಂದು ಮಧ್ಯಾಹ್ನ, ಬಸ್ಸಿನ ಉಳಿದವರನ್ನೆಲ್ಲ ಕೂಗಿ ಆದ ಮೇಲೆ, ಹೆಸರಿನ ಕಂಪ್ಯೂಟರಿನ ಮೇಲೆ ದ್ಯಾಮವ್ವ ಎಂದು ಬಂತು. ಅಲ್ಲಿ ಯಾರೋ ಪುಣ್ಯಾತ್ಮರು ಒತ್ತಿಕೊಟ್ಟಿರಬೇಕು. ಸಾಹೇಬರು ಚಪ್ಪಲಿ ಮೆಟ್ಟಲು ಹೋದರು. "ನಾ ಕೂಗ್ತೀನ್ರಿ" ಎಂದೆ.

ನನ್ನದು ಕಚೇರಿಯ ದನಿ, ಮೇಜಿನ ಆಚೆಗೆ ಹೋಗುವುದಿಲ್ಲ. ಕಟ್ಟೆ ಹತ್ತಿ ಕೂಗಿದೆ. ರಸ್ತೆಯಲ್ಲಿ ಒಂದು ನಾಯಿ ತಿರುಗಿ ನೋಡಿತು. ಇನ್ನೊಮ್ಮೆ ಕೂಗಿದೆ. ಅಲ್ಲಿ ಚಪ್ಪರದ ಕೆಳಗೆ ಆಕೆ ಚೀಲ ಹಿಡಿದು ನಿಂತು, ಅಂದುಕೊಂಡ ಹಾಗೇ ಆಯಿತೆಂದು ಕೊರಗುತ್ತಿರಬಹುದು. ನನಗೆ ಅಳುವೂ ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಆ ರಸ್ತೆಯ ಮೇಲೆ, ಕಂಪನಿಯ ಮೇಲೆ, ನನ್ನ ಗಂಟಲ ಮೇಲೆ. "ದ್ಯಾಮವ್ವಾ!" ಎಂದು ಅರಚಿದೆ. "ಬಾ ಅಂದ್ರ ಬಾ! ಎಷ್ಟ ಸಲ ಕೂಗ್ಲಿ ನಿನ್ನ!"

ಬಸ್ಸು ಬಂತು. ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಆಕೆ ಇಳಿದಳು. ಒಂದು ತಿಂಗಳು ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಂತೆ, ಕಂಡಕ್ಟರು ತಿಳಿಸಿದ. ಚೀಲ ಕೆಳಗಿಟ್ಟು ನನ್ನನ್ನೊಮ್ಮೆ ನೋಡಿದಳು; ಏನೂ ಬಾರದ ಸೊಸೆಯನ್ನು ಅತ್ತೆ ನೋಡಿದ ಹಾಗೆ. ಕಟ್ಟೆ ಹತ್ತಿ ಬಂದು, ನನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ಇಲ್ಲಿಂದಲ್ಲ ಎಂದು ತಲೆಯಾಡಿಸಿದಳು. ಅಂಗೈಯನ್ನು ನನ್ನ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು.

"ಇನ್ನೊಂದ್ ಹೆಸರು ಬಂದೈತ್ರಿ ಕಸ್ತೂರವ್ವ" ಎಂದು ಸಾಹೇಬರು ಕಿಟಕಿಯಿಂದ ತಲೆ ಹಾಕಿ ಹೇಳಿದರು. "ಯಾರೋ ಬಳಿಗಾರ ಗೂಳಪ್ಪ ಅಂತ."

ದ್ಯಾಮವ್ವ ಕೈ ತೆಗೆಯಲಿಲ್ಲ. ನಾನು ಉಸಿರು ಎಳೆದುಕೊಂಡು ಕೂಗಿದೆ.